ಕಂಪನಿ ಕಟ್ಟಿದ್ದೋ, ಆಟಗಾರರು ಕಟ್ಟಿದ್ದೋ: ಆನ್‌ಲೈನ್ ಆಟದಲ್ಲಿ ನಿಮ್ಮ ಒಂದು ತಾಸನ್ನು ಯಾವುದಕ್ಕೆ ಕೊಡಬೇಕು?

ಒಂದೇ ಆಟದೊಳಗೆ ಈಗ ಎರಡು ಬಗೆಯ ಸರಕು ಸಿಗುತ್ತದೆ. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ ತೆರೆದರೆ ಕಂಪನಿ ಕಟ್ಟಿದ ಎರಾಂಗೆಲ್ ಮ್ಯಾಪ್, ಅಂದರೆ ಆಟ ನಡೆಯುವ ಬಯಲು, ಎದುರಿಗಿರುತ್ತದೆ. ಅಲ್ಲೇ ವರ್ಲ್ಡ್ ಆಫ್ ವಂಡರ್ ಎಂಬ ವಿಭಾಗದಲ್ಲಿ ಆಟಗಾರರು ಕಟ್ಟಿ ಹಂಚಿದ ಮ್ಯಾಪ್‌ಗಳು ಸಾಲುಗಟ್ಟಿರುತ್ತವೆ. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಅಂಥದಕ್ಕೆ ಕ್ರಾಫ್ಟ್‌ಲ್ಯಾಂಡ್ ಎಂಬ ಹೆಸರು. ಫೋರ್ಟ್‌ನೈಟ್‌ನಲ್ಲಿ ಹನ್ನೆರಡು ಅಂಕಿಯ ಕೋಡ್ ಒತ್ತಿದರೆ ಆಟಗಾರರ ದ್ವೀಪ ತೆರೆಯುತ್ತದೆ. ರೋಬ್ಲಾಕ್ಸ್‌ನಲ್ಲಂತೂ ಬಹುತೇಕ ಎಲ್ಲವೂ ಆಟಗಾರರದೇ. ಕಂಪನಿ ಕೊಡುವುದು ಸರ್ವರ್, ಉಪಕರಣ ಮತ್ತು ಮಾರಾಟದ ಕಟ್ಟೆ. ಇನ್ನೊಂದು ತುದಿಯಲ್ಲಿ ವ್ಯಾಲೊರಂಟ್ ಎಂಬ ಗುಂಡಿನ ಕಾಳಗದ ಆಟ ಇದೆ. ಅಲ್ಲಿ ಆಟಗಾರ ಒಂದು ಗೋಡೆಯನ್ನೂ ಸರಿಸುವಂತಿಲ್ಲ.

ಬೆಳಗಾವಿಯ ಹಾಸ್ಟೆಲ್‌ನಲ್ಲಿರುವ ನನ್ನ ಅಣ್ಣನ ಮಗ ಕೇಳಿದ್ದು ಇಷ್ಟೇ: “ಕಾಕಾ, ಊಟ ಆದ ಮೇಲೆ ಒಂದು ತಾಸು ಸಿಗುತ್ತದೆ. ಅದನ್ನು ಯಾವುದಕ್ಕೆ ಕೊಡಲಿ?” ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗೆಲುವು ಲೆಕ್ಕಕ್ಕೆ ಬರುವ ಕಡೆ, ಅಂದರೆ ರ‍್ಯಾಂಕ್, ಬಹುಮಾನ, ಪಂದ್ಯಾವಳಿ ಇದ್ದ ಕಡೆ, ಕಂಪನಿ ಕಟ್ಟಿದ್ದನ್ನು ಆಡಬೇಕು. ಜೊತೆಗೆ ಯಾರಿದ್ದಾರೆ ಎಂಬುದೇ ಮುಖ್ಯವಾದ ಕಡೆ ಆಟಗಾರರು ಕಟ್ಟಿದ್ದನ್ನು ಆಡಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡವರೇ ಹೆಚ್ಚಾಗಿ ಬೇಸತ್ತು ಆಟ ಬಿಡುವುದನ್ನು ಕಂಡಿದ್ದೇನೆ.

ನಮ್ಮ ಭಾಗದವರಿಗೆ ಈ ಭೇದ ಹೊಸದೇನಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು ಟೆಂಟು ಹೂಡುವ ನಾಟಕ ಕಂಪನಿಗೂ ಊರ ಹುಡುಗರು ಸೇರಿ ಆಡುವ ನಾಟಕಕ್ಕೂ ಇರುವ ಅಂತರವೇ ಇದು. ಕಂಪನಿಯಲ್ಲಿ ಪರದೆ ಹೊತ್ತಿಗೆ ಸರಿಯಾಗಿ ಏಳುತ್ತದೆ, ದೀಪ ಆರುವುದಿಲ್ಲ, ಟಿಕೆಟ್ ಕೊಂಡವನಿಗೆ ಕುರ್ಚಿ ಸಿಗುತ್ತದೆ. ಊರ ನಾಟಕದಲ್ಲಿ ಭೀಮನಿಗೆ ಮಾತು ಮರೆತುಹೋಗುತ್ತದೆ. ಆದರೆ ಆ ಭೀಮ ನಮ್ಮ ಓಣಿಯವನು. ಅದಕ್ಕೇ ಬೆಳಗಿನವರೆಗೆ ಕೂತು ನೋಡುತ್ತೇವೆ.

ರ‍್ಯಾಂಕ್ ಇದ್ದ ಕಡೆ

ಸಿಟಿ ಆಫ್ ಹೀರೋಸ್ ಎಂಬ ಅಮೆರಿಕದ ಆನ್‌ಲೈನ್ ಆಟವೊಂದಿತ್ತು. 2009ರ ಏಪ್ರಿಲ್‌ನಲ್ಲಿ ಅದರ ತಯಾರಕರು ಮಿಷನ್ ಆರ್ಕಿಟೆಕ್ಟ್ ಎಂಬ ಸವಲತ್ತು ತಂದರು. ಆಟಗಾರರೇ ಕಥೆ ಬರೆಯಬಹುದು, ಶತ್ರುಗಳನ್ನು ರೂಪಿಸಬಹುದು, ಉಳಿದವರು ಅದನ್ನು ಆಡಿ ಅಂಕ ಗಳಿಸಬಹುದು. ಆಲೋಚನೆ ಸೊಗಸಾಗಿತ್ತು. ಆದರೆ ಜನ ಮೊದಲು ಕಟ್ಟಿದ್ದು ಕಥೆಯನ್ನಲ್ಲ; ಒಂದೇ ಏಟಿಗೆ ಬೀಳುವ, ಬಿದ್ದರೆ ರಾಶಿ ಅಂಕ ಕೊಡುವ ಶತ್ರುಗಳ ಹಿಂಡನ್ನು. ಹೊಸದಾಗಿ ಸೇರಿದವರು ಊರು ಸುತ್ತದೆಯೇ, ಒಂದೇ ಕಟ್ಟಡದೊಳಗೆ ನಿಂತು ಮೇಲಿನ ಹಂತಕ್ಕೆ ಏರಿಬಿಟ್ಟರು. ಕಂಪನಿ ಕೊನೆಗೆ ಅಂಕ ಕಡಿತ ಮಾಡಿತು, ನಿಯಮ ಬಿಗಿ ಮಾಡಿತು. ಆ ಹೊತ್ತಿಗೆ ಶ್ರದ್ಧೆಯಿಂದ ಬರೆದ ಒಳ್ಳೆಯ ಕಥೆಗಳು ಈ ರಾಶಿಯ ಕೆಳಗೆ ಹೂತುಹೋಗಿದ್ದವು.

ಇದರಲ್ಲಿ ಆಟಗಾರರ ಕೆಟ್ಟತನವೇನೂ ಇಲ್ಲ. ಪ್ರಶ್ನೆಪತ್ರಿಕೆ ತೆಗೆಯುವವನೂ ಪರೀಕ್ಷೆ ಬರೆಯುವವನೂ ಒಬ್ಬನೇ ಆದರೆ ಅಂಕಕ್ಕೆ ಬೆಲೆ ಉಳಿಯುವುದಿಲ್ಲ, ಅಷ್ಟೇ. ಕಂಪನಿಯ ನೌಕರನೂ ಕೆಟ್ಟ ಮ್ಯಾಪ್ ಕಟ್ಟಬಹುದು, ಆದರೆ ಅದರಿಂದ ಅವನ ರ‍್ಯಾಂಕ್ ಏರುವುದಿಲ್ಲ.

ಇದರ ಜೊತೆಗೆ ಕಾವಲಿನ ಮಾತು. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ಎಂಬ ಮೋಸ ತಡೆಯುವ ತಂತ್ರಾಂಶ ಕಂಪ್ಯೂಟರ್ ಚಾಲೂ ಆದ ಕ್ಷಣದಿಂದ, ವಿಂಡೋಸ್‌ನ ಒಳಪದರದಲ್ಲಿ ಕೂತು ಕೆಲಸ ಮಾಡುತ್ತದೆ. ಅಷ್ಟು ಒಳಗೆ ಬಿಟ್ಟುಕೊಳ್ಳಬೇಕೇ ಎಂಬ ತಕರಾರು ನ್ಯಾಯವಾದದ್ದೇ. ಆದರೂ ಗೋಡೆಯಾಚೆ ನೋಡುವ ಕಳ್ಳರನ್ನು ಹಿಡಿಯುವುದು ಒಬ್ಬ ಹವ್ಯಾಸಿಯ ಕೈಯಲ್ಲಿ ಆಗದ ಕೆಲಸ. ಸಮಬಲದ ಎದುರಾಳಿಯನ್ನು ಹುಡುಕಿ ಕೊಡುವುದೂ ಹಾಗೆಯೇ: ಲಕ್ಷಗಟ್ಟಲೆ ಜನ ಒಂದೇ ಕಡೆ ಸಾಲು ನಿಂತಾಗ ಮಾತ್ರ ಅದು ಸಾಧ್ಯ. ಆಟಗಾರರ ಮ್ಯಾಪ್‌ನಲ್ಲಿ ರಾತ್ರಿ ಹತ್ತಕ್ಕೆ ಲಾಬಿ (ಆಟಕ್ಕೆ ಕಾಯುವ ಜಾಗ) ತುಂಬಿರುತ್ತದೆ, ಬೆಳಿಗ್ಗೆ ಹೋದರೆ ನೀವೊಬ್ಬರೇ.

ಕಾಲೇಜು ಉತ್ಸವದಲ್ಲಿ ಪಂದ್ಯ ನಡೆಸುವವರಿಗೆ ಇದೇ ಕಾರಣಕ್ಕೆ ಒಂದು ಮಾತು. ನಿಮ್ಮ ಗೆಳೆಯ ಎಷ್ಟೇ ಚೆನ್ನಾಗಿ ಮ್ಯಾಪ್ ಕಟ್ಟಿದ್ದರೂ ಬಹುಮಾನದ ಪಂದ್ಯಕ್ಕೆ ಅದನ್ನು ಇಡಬೇಡಿ. ಅಧಿಕೃತ ಮ್ಯಾಪ್, ಪಾಸ್‌ವರ್ಡ್ ಇರುವ ಕಸ್ಟಮ್ ರೂಮ್, ಅಷ್ಟೇ ಸಾಕು. ಇಲ್ಲದಿದ್ದರೆ ಸೋತ ತಂಡ ಮ್ಯಾಪ್‌ನ ಮೇಲೆ ಗೂಬೆ ಕೂರಿಸುತ್ತದೆ, ಮತ್ತು ಅವರ ಮಾತಿನಲ್ಲಿ ಹುರುಳಿರುತ್ತದೆ.

ಹಾಗಾದರೆ ಈ ಆಟಗಳೆಲ್ಲ ಹುಟ್ಟಿದ್ದು ಎಲ್ಲಿ?

ಇಲ್ಲಿ ಒಂದು ತೊಡಕಿದೆ. ಇಂದು ಅತಿ ಗಂಭೀರವಾಗಿ ಪಂದ್ಯ ನಡೆಯುವ ಆಟಗಳಲ್ಲಿ ಹಲವು ಹುಟ್ಟಿದ್ದೇ ಆಟಗಾರರ ಕೈಯಲ್ಲಿ. ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್ ಆಟಕ್ಕೆ ಇಬ್ಬರು ಆಟಗಾರರು, ಮಿನ್ ಲೆ ಮತ್ತು ಜೆಸ್ ಕ್ಲಿಫ್, ಮಾಡಿದ ಪುಕ್ಕಟೆ ಮಾರ್ಪಾಡು. ಮರುವರ್ಷ ವಾಲ್ವ್ ಕಂಪನಿ ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ಸೈಬರ್ ಕೆಫೆಯ ಕಾಲದಲ್ಲಿ ಬೆಳೆದವರಿಗೆ ಕಣ್ಣು ಮುಚ್ಚಿದರೂ ದಾರಿ ತಿಳಿಯುವ ಡಸ್ಟ್ 2 ಮ್ಯಾಪ್ 2001ರದು. ಅದನ್ನು ಕಟ್ಟಿದ ಡೇವ್ ಜಾನ್‌ಸ್ಟನ್ ವಾಲ್ವ್‌ನ ನೌಕರನಾಗಿರಲಿಲ್ಲ. ಡೋಟಾ ಮೊದಲು ವಾರ್‌ಕ್ರಾಫ್ಟ್ 3 ಆಟದೊಳಗಿನ ಆಟಗಾರರ ಮ್ಯಾಪ್ ಆಗಿತ್ತು, 2003ರಲ್ಲಿ. ಡೋಟಾ 2 ಎಂದು ವಾಲ್ವ್ ಕಂಪನಿಯ ಆಟವಾಗಿ ಬಂದದ್ದು 2013ರಲ್ಲಿ.

ನಮ್ಮ ಹುಡುಗರ ಕೈಯಲ್ಲಿರುವ ಬಿಜಿಎಂಐ ಕೂಡ ಅದೇ ವಂಶದ್ದು. ಆರ್ಮಾ 2 ಎಂಬ ಸೈನಿಕ ಆಟಕ್ಕೆ 2012ರಲ್ಲಿ ಡೇಝಡ್ ಎಂಬ ಮಾರ್ಪಾಡು ಬಂತು. ಅದರ ಮೇಲೆ ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವ, ಕೊನೆಗೆ ಒಬ್ಬನೇ ಉಳಿಯುವ ಆಟವನ್ನು ಕಟ್ಟಿದ. ಅವನು ಆಟದಲ್ಲಿ ಇಟ್ಟುಕೊಂಡಿದ್ದ ಹೆಸರೇ ಪ್ಲೇಯರ್‌ಅನ್‌ನೋನ್. 2017ರಲ್ಲಿ ಪಬ್‌ಜಿ ಬಂದಾಗ ಅದರ ಪೂರ್ಣ ಹೆಸರಿನಲ್ಲಿ ಆ ಆಟಗಾರನೇ ಇದ್ದ.

ಇದು ನನ್ನ ನಿಯಮವನ್ನು ಮುರಿಯುವುದಿಲ್ಲ ಎಂದೇ ನನ್ನ ಎಣಿಕೆ. ಈ ಆಟಗಳಿಗೆ ಅಧಿಕೃತ ರ‍್ಯಾಂಕ್, ದೊಡ್ಡ ಪಂದ್ಯಾವಳಿ, ಸ್ಥಿರ ಸರ್ವರ್ ಹೆಚ್ಚಾಗಿ ದಕ್ಕಿದ್ದು ಕಂಪನಿಯ ಕೈಗೆ ಬಂದ ಮೇಲೆ. ಹೊಸ ಬಗೆಯ ಆಟವನ್ನು ಕಂಪನಿ ಕಂಡುಹಿಡಿಯುವುದು ಅಪರೂಪ, ಏಕೆಂದರೆ ಕೋಟಿಗಟ್ಟಲೆ ಹಣ ಹಾಕಿದವರು ಗೊತ್ತಿರುವ ದಾರಿಯಲ್ಲೇ ನಡೆಯುತ್ತಾರೆ. ಕಳೆದುಕೊಳ್ಳಲು ಏನೂ ಇಲ್ಲದವನು ಚದುರಂಗದಂಥ ಆಟವನ್ನು ಡೋಟಾ 2ರೊಳಗೆ ತುರುಕಿ ನೋಡುತ್ತಾನೆ: 2019ರ ಆರಂಭದಲ್ಲಿ ಚೀನಾದ ಸಣ್ಣ ತಂಡವೊಂದು ಆಟೊ ಚೆಸ್ ಎಂಬ ಮ್ಯಾಪ್ ಬಿಟ್ಟಿತು, ಆರು ತಿಂಗಳೊಳಗೆ ವ್ಯಾಲೊರಂಟ್‌ನ ಕಂಪನಿ ರಾಯಟ್ ಮತ್ತು ವಾಲ್ವ್ ಎರಡೂ ತಮ್ಮತಮ್ಮ ಆವೃತ್ತಿ ತಂದವು. ಮುಂದೆ ಏನು ಬರಲಿದೆ ಎಂಬ ಕುತೂಹಲ ನಿಮಗಿದ್ದರೆ, ವಾರದಲ್ಲಿ ಒಂದು ದಿನವಾದರೂ ಆಟಗಾರರ ಮ್ಯಾಪ್‌ಗಳಲ್ಲಿ ಅಲೆಯಿರಿ.

ರಾಶಿಯಲ್ಲಿ ಹೆಕ್ಕುವುದು

ಅಲೆಯುವಾಗ ಸಿಗುವುದರಲ್ಲಿ ಹೆಚ್ಚಿನದು ಕಸ. ಫೋರ್ಟ್‌ನೈಟ್ ನಡೆಸುವ ಎಪಿಕ್ ಕಂಪನಿ 2023ರ ಮಾರ್ಚ್‌ನಿಂದ ತನ್ನ ಅಂಗಡಿಯ ನಿವ್ವಳ ಆದಾಯದ ಶೇ 40ರಷ್ಟನ್ನು ದ್ವೀಪಗಳಿಗೆ ಹಂಚುತ್ತಿದೆ. ಯಾವ ದ್ವೀಪದಲ್ಲಿ ಜನ ಎಷ್ಟು ಹೊತ್ತು ಇರುತ್ತಾರೆ, ಮತ್ತೆ ಬರುತ್ತಾರೆಯೇ ಎಂಬುದರ ಮೇಲೆ ಪಾಲು ನಿರ್ಧಾರವಾಗುತ್ತದೆ. ಪರಿಣಾಮವಾಗಿ ಒಂದು ಮ್ಯಾಪ್ ಗೆದ್ದರೆ ಅದರ ನಕಲುಗಳು ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಸಾಲಾಗಿ ಬರುತ್ತವೆ.

ನಾನು ಮೊದಲು ನೋಡುವುದು ಕೊನೆಯ ಅಪ್‌ಡೇಟ್ ಯಾವಾಗ ಆಯಿತು ಎಂಬುದನ್ನು. ಮೂಲ ಆಟ ಅಪ್‌ಡೇಟ್ ಆದಾಗಲೆಲ್ಲ ಹಳೆಯ ಮ್ಯಾಪ್‌ನಲ್ಲಿ ಬಾಗಿಲು ತೆರೆಯದಂತಾಗುವುದು, ಬಂದೂಕು ಸಿಡಿಯದಂತಾಗುವುದು ಸಾಮಾನ್ಯ. ಕಟ್ಟಿದವನು ಮರಳಿ ಬಂದು ಸರಿಪಡಿಸಿದ್ದಾನೆಯೇ ಎಂಬುದೇ ಅವನ ಶ್ರದ್ಧೆಯ ಅಳತೆ. ಅದೇ ವ್ಯಕ್ತಿ ಕಟ್ಟಿದ ಬೇರೆ ಮ್ಯಾಪ್‌ಗಳನ್ನೂ ತೆರೆದು ನೋಡಬೇಕು. ಹೆಸರಿನಲ್ಲೇ ಉಚಿತ ಅಂಕದ ಆಸೆ ತೋರಿಸುವುದನ್ನು ಮುಟ್ಟುವುದೇ ಬೇಡ. ಮೊದಲ ಐದು ನಿಮಿಷದಲ್ಲಿ ಏನಾದರೂ ಕೊಳ್ಳಲು ಕೇಳಿದರೆ ಹೊರಬನ್ನಿ. ನಾಲ್ವರು ಗೆಳೆಯರನ್ನು ಕರೆಯುವ ಮೊದಲು ಒಬ್ಬರೇ ಹತ್ತು ನಿಮಿಷ ಆಡಿ ನೋಡಿದರೆ ಸಂಜೆ ಹಾಳಾಗುವುದಿಲ್ಲ.

ಕಸದ ನಡುವೆ ಏನು ಮೇಲೇಳುತ್ತದೆ ಎಂದು ಹೇಳಲು ಬಾರದು. 2025ರಲ್ಲಿ ರೋಬ್ಲಾಕ್ಸ್‌ನ ಗ್ರೋ ಎ ಗಾರ್ಡನ್ ಎಂಬ ಆಟವನ್ನು ಏಕಕಾಲಕ್ಕೆ ಎರಡು ಕೋಟಿಗೂ ಹೆಚ್ಚು ಜನ ಆಡಿದರು. ಮಾಡುವುದೇನು? ಬೀಜ ಕೊಳ್ಳುವುದು, ಬಿತ್ತುವುದು, ಕಾಯುವುದು, ಮಾರುವುದು. ದ್ರಾಕ್ಷಿ, ಲಿಂಬೆ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ನೀರು ಬಿಡಲು ಹೋಗು ಎಂದರೆ ಮುಖ ಗಂಟಿಕ್ಕುವ ಹುಡುಗರೂ ಇದನ್ನು ತಾಸುಗಟ್ಟಲೆ ಆಡಿದರು.

ಗೆಳೆಯರಿದ್ದರೆ ಮೈನ್‌ಕ್ರಾಫ್ಟ್

ಹಾಸ್ಟೆಲ್‌ನಲ್ಲಿರುವ ಐದಾರು ಜನರಿಗೆ, ರಜೆಯಲ್ಲಿ ಸೇರುವ ದಾಯಾದಿ ಮಕ್ಕಳಿಗೆ, ನನ್ನ ಮೊದಲ ಆಯ್ಕೆ ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಈ ಆಟ. ಕಾರಣ ಸರಳ: ಇಲ್ಲಿ ಸರ್ವರ್ ನಿಮ್ಮ ಕೋಣೆಯಲ್ಲೇ ಇರಬಹುದು. ಒಬ್ಬನ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಆಟ ತೆರೆದು ಲ್ಯಾನ್‌ಗೆ, ಅಂದರೆ ಕೋಣೆಯೊಳಗಿನ ಜಾಲಕ್ಕೆ, ಬಿಟ್ಟರೆ, ಅದೇ ವೈಫೈನಲ್ಲಿರುವ ಉಳಿದವರು ಒಳಗೆ ಬರುತ್ತಾರೆ. ಮುಂಬೈ ಸರ್ವರ್‌ನ ಪಿಂಗ್ (ಸಂಕೇತ ಹೋಗಿಬರುವ ವಿಳಂಬ) ಎಷ್ಟು ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಕೊಳ್ಳುವ ಮೊದಲು ಒಂದು ಎಚ್ಚರ: ಕಂಪ್ಯೂಟರ್‌ನ ಜಾವಾ ಆವೃತ್ತಿ ಬೇರೆ, ಫೋನ್‌ನಲ್ಲಿ ಸಿಗುವ ಬೆಡ್‌ರಾಕ್ ಆವೃತ್ತಿ ಬೇರೆ, ಎರಡೂ ನೇರವಾಗಿ ಒಂದಕ್ಕೊಂದು ಸೇರುವುದಿಲ್ಲ. ಎಲ್ಲರೂ ಒಂದೇ ಆವೃತ್ತಿ ಕೊಳ್ಳಬೇಕು.

ಇಲ್ಲಿ ಕಟ್ಟಬಹುದಾದದ್ದಕ್ಕೆ ಉದಾಹರಣೆ ಹುಡುಕಲು ನಾನು ದೂರ ಹೋಗಬೇಕಿಲ್ಲ. ಮೈನ್‌ಕ್ರಾಫ್ಟ್‌ನ ಒಂದು ಇಟ್ಟಿಗೆ ಒಂದು ಮೀಟರ್. ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಂದರೆ 44 ಇಟ್ಟಿಗೆಗಳ ಅಗಲದ ಗುಮ್ಮಟವಿಟ್ಟು ಮುಹಮ್ಮದ್ ಆದಿಲ್ ಶಾಹನ ಸಮಾಧಿಯನ್ನು ಇದ್ದಷ್ಟೇ ಗಾತ್ರದಲ್ಲಿ ಎಬ್ಬಿಸಬಹುದು. ಆಟದ ಎತ್ತರದ ಮಿತಿಯಲ್ಲಿ ಅದು ಆರಾಮವಾಗಿ ಹಿಡಿಸುತ್ತದೆ. ಚೌಕ ಗೋಡೆಗಳು ಒಂದು ಸಂಜೆಯ ಕೆಲಸ. ನಾಲ್ಕು ಮೂಲೆಯ ಏಳಂತಸ್ತಿನ ಎಂಟುಮೂಲೆಯ ಗೋಪುರಗಳನ್ನು ನಾಲ್ವರು ಹಂಚಿಕೊಂಡರೆ ಜಗಳವಿಲ್ಲ. ತಲೆನೋವು ಶುರುವಾಗುವುದು ಒಳಗೆ: ಚೌಕದ ಮೇಲೆ ವೃತ್ತವನ್ನು ಕೂರಿಸಲು ಆ ಕಾಲದ ಕುಶಲಕರ್ಮಿಗಳು ಒಂದನ್ನೊಂದು ಹಾಯುವ ಕಮಾನುಗಳನ್ನು ಹೇಗೆ ಬಳಸಿದರು ಎಂಬುದು ಇಟ್ಟಿಗೆ ಇಡುತ್ತ ಹೋದಂತೆ ತಾನಾಗಿ ತಿಳಿಯುತ್ತದೆ. ಟಿಕೆಟ್ ಕೊಂಡು ಹತ್ತಾರು ಸಲ ನೋಡಿದವರಿಗೂ ಹೊಳೆಯದ ಸಂಗತಿ ಅದು. ಪಿಸುಗುಟ್ಟುವ ಗ್ಯಾಲರಿಯ ಮಾರ್ದನಿಯನ್ನು ಮಾತ್ರ ಕಟ್ಟಲಾಗದು. ಇಯರ್‌ಫೋನ್ ಹಾಕದೆ ವಾಯ್ಸ್ ಚಾಟ್‌ಗೆ ಬರುವ ಗೆಳೆಯನೊಬ್ಬ ಆ ಕೊರತೆಯನ್ನು ತುಂಬುತ್ತಾನೆ.

ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದನ್ನು ಮಾಡಿದವರು ಕಂಪನಿಯ ಸಂಬಳದವರಲ್ಲ, ಆಟವಾಡುವ ಸ್ವಯಂಸೇವಕರು. ಅಲ್ಲಲ್ಲಿ ತೊಡರುತ್ತದೆ, ಆದರೆ ಇದೆ.

ಎಷ್ಟು ದಿನ ಬಾಳುತ್ತದೆ?

ಕಂಪನಿಯದು ಗಟ್ಟಿ, ಆಟಗಾರರದು ಕ್ಷಣಿಕ ಎಂದು ಅನೇಕರು ತಿಳಿದಿದ್ದಾರೆ. ಚರಿತ್ರೆ ಅಷ್ಟು ನೇರವಾಗಿಲ್ಲ. ಡೆಸ್ಟಿನಿ 2 ಆಟ 2020ರ ನವೆಂಬರ್‌ನಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಹಳೆಯ ಕಥಾಭಾಗಗಳನ್ನೇ ತೆಗೆದುಹಾಕಿತು. ಪಬ್‌ಜಿ ಮೊಬೈಲ್ ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರಲ್ಲಿ ಬಿಜಿಎಂಐ ಆಗಿ ಬಂದು, 2022ರ ಜುಲೈನಲ್ಲಿ ಅಂಗಡಿಯಿಂದ ಮಾಯವಾಗಿ, 2023ರ ಮೇನಲ್ಲಿ ಮತ್ತೆ ಬಂತು. ಅಷ್ಟು ಕಾಲ ಎಲ್ಲರ ಸ್ಕಿನ್‌ಗಳು, ಅಂದರೆ ಪಾತ್ರ, ಬಂದೂಕುಗಳಿಗೆ ಕೊಂಡ ವೇಷಗಳು, ತ್ರಿಶಂಕುವಿನಲ್ಲಿದ್ದವು.

ಕಂಪನಿಯ ಉಪಕರಣದಲ್ಲಿ ಆಟಗಾರ ಕಟ್ಟಿದ್ದು ಇನ್ನೂ ನಾಜೂಕು. ಸ್ಟಾರ್ ಟ್ರೆಕ್ ಆನ್‌ಲೈನ್ ಮತ್ತು ನೆವರ್‌ವಿಂಟರ್ ಆಟಗಳಲ್ಲಿ ಫೌಂಡ್ರಿ ಎಂಬ ಕಾರ್ಯಾಗಾರವಿತ್ತು. ಅದರ ಒಳಮರ್ಮ ಬಲ್ಲ ತಂತ್ರಜ್ಞರು ಕೆಲಸ ಬಿಟ್ಟು ಹೋದ ಮೇಲೆ ನಿಭಾಯಿಸಲಾಗದೆ 2019ರ ಏಪ್ರಿಲ್‌ನಲ್ಲಿ ಅದನ್ನು ಮುಚ್ಚಿದರು. ವರ್ಷಗಟ್ಟಲೆ ಆಟಗಾರರು ಬರೆದ ಕಥೆಗಳು ಅದರೊಂದಿಗೆ ಹೋದವು. ಮೇಲೆ ಹೇಳಿದ ಸಿಟಿ ಆಫ್ ಹೀರೋಸ್ ಕಥೆ ತದ್ವಿರುದ್ಧ: ಕಂಪನಿ 2012ರ ನವೆಂಬರ್‌ನಲ್ಲಿ ಆಟವನ್ನೇ ನಿಲ್ಲಿಸಿತು, ಆಟಗಾರರು ತಮ್ಮದೇ ಸರ್ವರ್‌ಗಳಲ್ಲಿ ಅದನ್ನು ಉಳಿಸಿಕೊಂಡರು, 2024ರ ಜನವರಿಯಲ್ಲಿ ಕಂಪನಿಯೇ ಅಂಥ ಒಂದು ಸರ್ವರ್‌ಗೆ ಪರವಾನಗಿ ಕೊಟ್ಟಿತು.

ಆದ್ದರಿಂದ ಬಾಳಿಕೆ ಬೇಕೆನ್ನುವವರು ಕೇಳಬೇಕಾದದ್ದು ಫೈಲ್ ಯಾರ ಬಳಿ ಇದೆ ಎಂದು. ಮೈನ್‌ಕ್ರಾಫ್ಟ್‌ನ ಲೋಕ ನಿಮ್ಮ ಡಿಸ್ಕ್‌ನಲ್ಲಿರುವ ಒಂದು ಫೋಲ್ಡರ್. ಪೆನ್‌ಡ್ರೈವ್‌ಗೆ ಇಳಿಸಿಟ್ಟರೆ ನಿಮ್ಮದೇ. ಕ್ರಾಫ್ಟ್‌ಲ್ಯಾಂಡ್, ವರ್ಲ್ಡ್ ಆಫ್ ವಂಡರ್, ಫೋರ್ಟ್‌ನೈಟ್ ದ್ವೀಪ ಇವೆಲ್ಲ ಕಂಪನಿಯ ಮನೆಯಲ್ಲೇ ಇರುತ್ತವೆ.

ದುಡ್ಡಿನ ಮಾತು

ಕಂಪನಿಯ ಆಟದಲ್ಲಿ ಖರ್ಚು ಕಣ್ಣಿಗೆ ಕಾಣುತ್ತದೆ: ಸೀಸನ್ ಪಾಸ್, ಸ್ಕಿನ್, ಬೆಲೆ ಬರೆದಿದೆ. ಆಟಗಾರರ ಆಟದಲ್ಲಿ ಅದು ಚೂರುಚೂರಾಗಿ ಸೋರುತ್ತದೆ. ರೋಬ್ಲಾಕ್ಸ್‌ನ ಒಂದೊಂದು ಆಟಕ್ಕೂ ತನ್ನದೇ ಅಂಗಡಿ. ಇಂದು ಆಡಿದ್ದನ್ನು ಮುಂದಿನ ತಿಂಗಳು ಬಿಟ್ಟರೆ ಅಲ್ಲಿ ಕೊಂಡದ್ದು ಅಲ್ಲೇ ಉಳಿಯುತ್ತದೆ.

ಆಟ ಕಟ್ಟಿ ಗಳಿಸುತ್ತೇನೆ ಎನ್ನುವ ಹುಡುಗರು ಲೆಕ್ಕ ತಿಳಿದಿರಲಿ. ರೋಬ್ಲಾಕ್ಸ್‌ನ ಒಳನಾಣ್ಯವಾದ ರೋಬಕ್ಸ್ ಅನ್ನು ನಗದಾಗಿಸಲು ಕನಿಷ್ಠ 13 ವರ್ಷವಾಗಿರಬೇಕು, ಗಳಿಸಿದ 30,000 ರೋಬಕ್ಸ್ ಕೈಯಲ್ಲಿರಬೇಕು. ಅಷ್ಟಕ್ಕೆ ಸಿಗುವುದು ನೂರು ಡಾಲರ್ ಚಿಲ್ಲರೆ. ಅಷ್ಟೇ ರೋಬಕ್ಸ್ ಕೊಳ್ಳಲು ಹೋದರೆ ಅದರ ಮೂರು ಪಟ್ಟಿನ ಆಸುಪಾಸು ತೆರಬೇಕು. ಹಕ್ಕಿನ ವಿಷಯವೂ ಇದೆ. ಡೋಟಾ ಕೈತಪ್ಪಿ ವಾಲ್ವ್ ಪಾಲಾದ ಪಾಠ ವಾರ್‌ಕ್ರಾಫ್ಟ್ ತಯಾರಿಸಿದ ಬ್ಲಿಝಾರ್ಡ್ ಕಂಪನಿಗೆ ಎಷ್ಟು ನಾಟಿತೆಂದರೆ, 2020ರಲ್ಲಿ ವಾರ್‌ಕ್ರಾಫ್ಟ್ 3ರ ಹೊಸ ಆವೃತ್ತಿ ಬಂದಾಗ ಆಟಗಾರರು ಅದರಲ್ಲಿ ಕಟ್ಟುವ ಮ್ಯಾಪ್‌ಗಳೆಲ್ಲ ಕಂಪನಿಯ ಸ್ವತ್ತು ಎಂದು ನಿಯಮದಲ್ಲೇ ಬರೆಯಲಾಯಿತು.

ಮನೆಯಲ್ಲಿ ಮಕ್ಕಳಿದ್ದರೆ

ಹತ್ತು ವರ್ಷದ ಮಗುವಿಗೆ ಫೋನ್ ಕೊಡುವ ಅಕ್ಕ, ವೈನಿಯರಿಗೆ ನಾನು ಹೇಳುವುದು ಬೇರೆ ಕ್ರಮ. ಕಂಪನಿಯ ಆಟದಲ್ಲಿ ಪರದೆಯ ಮೇಲೆ ಏನು ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಆಟಗಾರರ ವೇದಿಕೆಯಲ್ಲಿ ನಾಳೆ ಯಾವ ಆಟ ಬರುತ್ತದೋ ಯಾರೂ ಹೇಳಲಾರರು. ಮಕ್ಕಳ ಸುರಕ್ಷತೆಯ ಕಾರಣಕ್ಕೆ ತುರ್ಕಿ ದೇಶ 2024ರ ಆಗಸ್ಟ್‌ನಲ್ಲಿ ರೋಬ್ಲಾಕ್ಸ್ ಅನ್ನೇ ತಡೆಹಿಡಿಯಿತು. ಅಲ್ಲಿನ ಪ್ರತಿ ಆಟಕ್ಕೂ ಪ್ರೌಢತೆಯ ಪಟ್ಟಿ ಅಂಟಿಸಿರುತ್ತಾರೆ, ಪೋಷಕರ ಖಾತೆಯಿಂದ ಮಿತಿ ಹಾಕಬಹುದು. ಮಗುವಿನ ಖಾತೆಗೆ ನಿಜವಾದ ಜನ್ಮದಿನ ಕೊಟ್ಟರೆ ಮಾತ್ರ ಆ ಮಿತಿ ಕೆಲಸ ಮಾಡುತ್ತದೆ. ಚಾಟ್ ಬಂದ್ ಮಾಡಿ, ಪಾವತಿಯ ಪಿನ್ ನಿಮ್ಮ ಬಳಿಯೇ ಇರಲಿ. ಬಿಜಿಎಂಐನಲ್ಲಿ 18 ವರ್ಷದೊಳಗಿನವರಿಗೆ ದಿನಕ್ಕೆ 3 ತಾಸಿನ ಮಿತಿಯಿದೆ. ಅಪ್ಪನ ಹೆಸರಿನ ಖಾತೆಯಲ್ಲಿ ಆಡುವ ಮಗನಿಗೆ ಅದು ಅನ್ವಯಿಸುವುದಿಲ್ಲ ಎಂಬುದು ಮನೆಮನೆಯ ಗುಟ್ಟು.

ಇನ್ನೊಂದು ಗೊಂದಲ ಬಿಡಿಸಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ‘ಮಾಡ್ ಎಪಿಕೆ’, ಅಂದರೆ ಅನಧಿಕೃತವಾಗಿ ತಿದ್ದಿದ ಆಟದ ಆ್ಯಪ್, ಇಲ್ಲಿ ಹೇಳಿದ ಆಟಗಾರರ ಸೃಷ್ಟಿ ಅಲ್ಲ. ಅದು ಮೋಸದ ಸಲಕರಣೆ. ಖಾತೆ ಹೋಗುತ್ತದೆ, ಫೋನ್‌ನಲ್ಲಿರುವ ಬ್ಯಾಂಕ್ ಮಾಹಿತಿಯೂ ಹೋಗಬಹುದು. ನಂಬಿಕೆಯ ತಾಣಗಳೂ ಪೂರ್ತಿ ಸುರಕ್ಷಿತವಲ್ಲ: 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ನ ಮಾರ್ಪಾಡುಗಳಿಗೆ ಹೆಸರಾದ ಕರ್ಸ್‌ಫೋರ್ಜ್‌ನಲ್ಲೇ ಫ್ರಾಕ್ಚರೈಸರ್ ಎಂಬ ಕುತಂತ್ರಾಂಶ ಹೊಕ್ಕಿತ್ತು. ಹೊಸದಾಗಿ ಬಂದ ಮಾರ್ಪಾಡನ್ನು ಅಂದೇ ಇಳಿಸಿಕೊಳ್ಳದೆ ಕೆಲವು ವಾರ ಕಾಯುವುದು ಜಾಣತನ.

ನೀವೇ ಕಟ್ಟುವುದಾದರೆ

ಫೋನ್ ಒಂದೇ ಇದ್ದರೆ ಕ್ರಾಫ್ಟ್‌ಲ್ಯಾಂಡ್ ಅಥವಾ ವರ್ಲ್ಡ್ ಆಫ್ ವಂಡರ್‌ನಿಂದ ಶುರು ಮಾಡಿ. ಖರ್ಚಿಲ್ಲ, ಪ್ರೋಗ್ರಾಮಿಂಗ್ ಬೇಡ. ಲ್ಯಾಪ್‌ಟಾಪ್ ಇದ್ದು ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುತ್ತಿದ್ದರೆ ರೋಬ್ಲಾಕ್ಸ್ ಸ್ಟುಡಿಯೊ ಉಚಿತವಾಗಿ ಸಿಗುತ್ತದೆ. ಅದರ ಲುವಾವ್ ಭಾಷೆ ಕಲಿಯಲು ಸುಲಭ, ಮೂಲವಾದ ಲುವಾ ಬೇರೆ ಆಟಗಳಲ್ಲೂ ಬಳಕೆಯಲ್ಲಿದೆ. ಮೊದಲ ಮ್ಯಾಪ್ ಒಂದು ಓಣಿ, ಎರಡು ಬಾಗಿಲು, ನಾಲ್ವರು ಆಟಗಾರರು, ಇಷ್ಟರಲ್ಲಿ ಇರಲಿ. ಅದನ್ನು ಗೆಳೆಯರ ಕೈಗೆ ಕೊಟ್ಟು, ಅವರು ಆಡುವಾಗ ಪಕ್ಕದಲ್ಲಿ ಕೂತು ನೋಡಿ. ಏನು ಮಾಡಬೇಕು ಎಂದು ಬಾಯಿ ಬಿಟ್ಟು ಹೇಳಬೇಕಾದ ಜಾಗಗಳನ್ನೆಲ್ಲ ಮರುದಿನ ತಿದ್ದಿ.